ಹೊರಗೆ ಹೋಗಲೊಂದು ಪರವಾನಗಿ, ಒಳಗೆ ಬರಲೊಂದು ಪರವಾನಗಿ

ಬಳ್ಳಾರಿಗೆ ಚಳಿ ಬರುವುದು ಹೆಸರಿಗೆ ಮಾತ್ರ. ಆದರೂ ದೀಪಾವಳಿ ದಾಟಿತೆಂದರೆ ಟಿಬೆಟ್ಟಿನವರ ಸ್ವೆಟರ್ ಅಂಗಡಿಗಳು ರಸ್ತೆಯ ಬದಿಗೆ ಬರುತ್ತವೆ, ಸಂಕ್ರಾಂತಿ ಕಳೆಯುವ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಕಳೆದ ಚಳಿಗಾಲದಲ್ಲಿ ನಾವು ಹತ್ತಿ ಮಂಡಿಯ ಹಮಾಲಿ ಮಿತ್ರರೊಬ್ಬರ ಸಂಗಡ, ಅವರ ಮೊಮ್ಮಗನಿಗೊಂದು ಕುಲಾವಿ ಕೊಳ್ಳಲೆಂದು, ಅಂಥದೊಂದು ಅಂಗಡಿಯ ಮುಂದೆ ನಿಂತಿದ್ದೆವು. "ತಗೋರಿ ಅಣ್ಣಾರ, ಲೂಧಿಯಾನಾ ಮಾಲು, ನೂರಕ್ಕಿಂತ ಕಡಿಮಿ ಬರೂದಿಲ್ರಿ" ಎಂದಳು ಅಂಗಡಿಯ ಹೆಣ್ಣುಮಗಳು. ನಮ್ಮ ಮಿತ್ರರು ಬೆರಗಾಗಿ "ಯವ್ವಾ, ನಮ್ಮ ಮಾತು ಎಲ್ಲಿ ಕಲಿತಿ?" ಎಂದರು. "ಕಲಿಯೂದೇನ್ರಿ, ನಾ ಹುಟ್ಟಿದ್ದ ಮುಂಡಗೋಡದಾಗ" ಎಂದಳು ಆಕೆ.

ಮಾತು ಬೆಳೆಯಿತು. ಆಕೆ ಹುಟ್ಟಿದ್ದು 1990ರಲ್ಲಿ. ತಂದೆತಾಯಿಗಳು ಮುಂಡಗೋಡದ ಶಿಬಿರದಲ್ಲಿ ಮೆಕ್ಕೆಜೋಳ ಬೆಳೆದು ಅಲ್ಲೇ ತೀರಿಕೊಂಡವರು. ಅಕ್ಕ ಮದುವೆಯಾಗಿ ಸ್ವಿಟ್ಜರ್ಲೆಂಡಿನಲ್ಲಿದ್ದಳು. ಆ ಅಕ್ಕನಿಗೆ ಕಾಯಿಲೆ ಬಲವಾದ ಸುದ್ದಿ ಬಂದಾಗ ಈಕೆ ಹೊರಡಬೇಕೆಂದಳು. ಒಂದು ಕಾಗದ ಕೈಗೆ ಬರುವಾಗ ಇನ್ನೊಂದರ ಅವಧಿ ಮುಗಿದಿತ್ತು. ಅದನ್ನು ಹೊಸದು ಮಾಡಿಸುವಾಗ ಮೊದಲನೆಯದರ ಮೇಲೆ ಹೊಸ ಪ್ರಶ್ನೆ ಬಂತು. ಕಾಗದಗಳೆಲ್ಲ ಒಂದೆಡೆ ಕೂಡುವ ಹೊತ್ತಿಗೆ ಅಕ್ಕನ ಉತ್ತರಕ್ರಿಯೆಯ ನಲವತ್ತೊಂಬತ್ತು ದಿನಗಳೂ ಕಳೆದುಹೋಗಿದ್ದವು. ಇಷ್ಟು ಹೇಳಿ ಆಕೆ ಕುಲಾವಿಯನ್ನು ಕಾಗದದಲ್ಲಿ ಸುತ್ತಿ ಎಂಬತ್ತು ರೂಪಾಯಿಗೆ ಕೊಟ್ಟಳು.

ಯಾವ ಕಚೇರಿ, ಯಾವ ಗುಮಾಸ್ತ ಎಂದು ನಾವು ಕೇಳಲಿಲ್ಲ. ಗುಮಾಸ್ತ ಮೇಲಿನವರು ಬರೆದಿಟ್ಟಂತೆ ನಡೆಯುವವನು. ಮೇಲಿನವರು ಏನನ್ನು ಬರೆದಿಟ್ಟಿದ್ದಾರೆ, ಯಾರಿಗೆ ಹೇಗೆ ಬರೆದಿಟ್ಟಿದ್ದಾರೆ ಎಂಬುದು ನಮ್ಮ ಪ್ರಶ್ನೆ.

ಟಿಬೆಟ್ಟಿನವರು ಈ ದೇಶದಲ್ಲಿ ಕಾನೂನಿನ ಕಣ್ಣಿಗೆ ಪರದೇಶಿಗಳು. ಬೆಳೆದ ಪ್ರತಿಯೊಬ್ಬರ ಕೈಯಲ್ಲೂ ಪೋಲೀಸರು ಕೊಡುವ ನೋಂದಣಿ ಪತ್ರವಿರಬೇಕು, ಅದನ್ನು ಕಾಲಕಾಲಕ್ಕೆ ಹೊಸದು ಮಾಡಿಸಬೇಕು. ಅವರು ಅದನ್ನು ಆರ್.ಸಿ. ಎನ್ನುತ್ತಾರೆ. (ನಮ್ಮಲ್ಲಿ ಆರ್.ಸಿ. ಎಂದರೆ ಲಾರಿಯ ಕಾಗದ. ಲಾರಿಗೂ ಮನುಷ್ಯನಿಗೂ ಒಂದೇ ಹೆಸರಿನ ಪತ್ರ!) ಅವರಿಗೆ ಭಾರತದ ಪಾಸ್‌ಪೋರ್ಟ್ ಇಲ್ಲ. ಹೊರದೇಶಕ್ಕೆ ಹೋಗಬೇಕಾದರೆ ಹಳದಿ ರಟ್ಟಿನ ಒಂದು ಗುರುತಿನ ಪುಸ್ತಕ ಬೇಕು. ಅದನ್ನು ಕೊಡುವುದು ನಮ್ಮ ಸರಕಾರವೇ. ದೆಹಲಿಯಲ್ಲಿರುವ ದಲೈ ಲಾಮಾ ಅವರ ಕಚೇರಿಯ ಶಿಫಾರಸು ಬೇಕು, ಪೋಲೀಸರ ವಿಚಾರಣೆ ಆಗಬೇಕು. ಪುಸ್ತಕ ಬಂದ ಮೇಲೆ ಹೋಗುವ ದೇಶದ ವೀಸಾ. ಅನೇಕ ದೇಶಗಳ ಗಡಿ ಅಧಿಕಾರಿಗಳು ಆ ಹಳದಿ ಪುಸ್ತಕವನ್ನು ಕಂಡೇ ಇರುವುದಿಲ್ಲ. ಇದೇನು, ಇದು ಯಾವ ದೇಶದ್ದು ಎಂದು ತಿರುವಿ ತಿರುವಿ ನೋಡುತ್ತಾರೆ. ವೀಸಾ ಸಿಕ್ಕಿತೆನ್ನಿ, ಅಷ್ಟಕ್ಕೇ ವಿಮಾನ ಹತ್ತುವಂತಿಲ್ಲ. ಭಾರತ ಬಿಟ್ಟು ಹೋಗಲು ನಿರ್ಗಮನ ಪರವಾನಗಿ ಬೇಕು. ತಿರುಗಿ ಬರಲು ಮರಳುವ ವೀಸಾ ಬೇಕು. ಹುಟ್ಟಿದ ಊರಿಗೆ, ಕಟ್ಟಿಕೊಂಡ ಮನೆಗೆ, ಬಿಟ್ಟು ಬಂದ ಮಕ್ಕಳ ಬಳಿಗೆ ಮರಳಲು ವೀಸಾ!

ಇನ್ನೊಂದು ಸಂಗತಿ. ಮುಂಡಗೋಡ, ಬೈಲುಕುಪ್ಪೆಗಳ ಶಿಬಿರಗಳಿಗೆ ವಿದೇಶಿ ಪ್ರಜೆಗಳು ಹೋಗಬೇಕಾದರೆ ಕೇಂದ್ರದ ವಿಶೇಷ ಪರವಾನಗಿ ಬೇಕು. ಸ್ವಿಟ್ಜರ್ಲೆಂಡಿನ ಪ್ರಜೆಯಾದ ಅಕ್ಕ ಬದುಕಿದ್ದಾಗ ತವರಿಗೆ ಬರಬೇಕಾದರೂ ಅರ್ಜಿ ಹಾಕಿಯೇ ಬರಬೇಕಿತ್ತು. ತಂಗಿ ಹೊರಗೆ ಹೋಗಲು ಅರ್ಜಿ, ಅಕ್ಕ ಒಳಗೆ ಬರಲು ಅರ್ಜಿ.

ಇವರು ಕದ್ದು ಬಂದವರೇ? ಅಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ನೆಹರೂ ಸರಕಾರ ಅವರಿಗೆ ಆಶ್ರಯ ಕೊಟ್ಟಿತು. ಬಂದವರಲ್ಲಿ ಬಹಳ ಮಂದಿ ಮೊದಲ ವರ್ಷಗಳಲ್ಲಿ ಮಾಡಿದ್ದು ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿ. ಅವರನ್ನು ನೆಲೆಗೊಳಿಸಲು ಜಮೀನು ಕೊಡಿರೆಂದು ಕೇಂದ್ರ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದುದರಲ್ಲಿ ಅಂದಿನ ಮೈಸೂರು ರಾಜ್ಯವೇ ಪ್ರಮುಖ. 1960ರ ಕೊನೆಗೆ ಬೈಲುಕುಪ್ಪೆಯ ಕಾಡಿಗೆ ಮೊದಲ ತಂಡ ಬಂತು. ಡೇರೆಗಳಲ್ಲಿ ಮಲಗಿ, ಆನೆಗಳ ಕಾಟ ಸಹಿಸಿ, ಬಿದಿರು ಕಡಿದು, ಹೊಲ ಮಾಡಿದರು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಈ ಔದಾರ್ಯಕ್ಕಾಗಿ ದಲೈ ಲಾಮಾ ಅವರು ಮತ್ತೆ ಮತ್ತೆ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. ನಿಜಲಿಂಗಪ್ಪನವರ ರಾಜಕೀಯವನ್ನು ನಾವು ಒಪ್ಪಿದವರಲ್ಲ. ಆದರೆ ಅವರು ಹುಟ್ಟಿದ್ದು ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಎಂಬುದನ್ನೂ, ಈ ಒಂದು ಕೆಲಸ ದೊಡ್ಡ ಮನಸ್ಸಿನದೆಂಬುದನ್ನೂ ಮರೆಮಾಚುವುದು ಬೇಡ.

ಆದರೆ ಕೊಟ್ಟದ್ದೇನು? ಆಶ್ರಯ. ಹಕ್ಕಲ್ಲ. ಜಮೀನು ಅವರ ಹೆಸರಿಗಿಲ್ಲ. ನಿರಾಶ್ರಿತರ ಬಗ್ಗೆ 1951ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಗೆ ಭಾರತ ಇಂದಿಗೂ ಸಹಿ ಹಾಕಿಲ್ಲ. ಸಹಿ ಹಾಕಿದ ದೇಶಗಳು ತಮ್ಮಲ್ಲಿ ನೆಲೆಸಿದ ನಿರಾಶ್ರಿತರಿಗೆ ಪ್ರಯಾಣದ ಪತ್ರ ಕೊಡಬೇಕು, ಆ ಪತ್ರ ಹಿಡಿದು ಹೋದವನನ್ನು ಮರಳಿ ಸೇರಿಸಿಕೊಳ್ಳಬೇಕು ಎಂಬುದು ಆ ಒಡಂಬಡಿಕೆಯ ಕರಾರು. ಇದೇನೂ ಹೊಸ ವಿಚಾರವಲ್ಲ. ನಾರ್ವೆಯ ನಾನ್ಸೆನ್ ಎಂಬ ಮಹನೀಯರು 1922ರಲ್ಲಿಯೇ ರಷ್ಯದಿಂದ ಚದುರಿದ ದೇಶವಿಲ್ಲದ ಜನರಿಗೆ ಅಂಥ ಪತ್ರ ಕೊಡಿಸಿದ್ದರು. ನಮ್ಮಲ್ಲಿ ನಿರಾಶ್ರಿತರಿಗೆಂದೇ ಒಂದು ಕಾಯಿದೆ ಇಲ್ಲ. ಬ್ರಿಟಿಷರ ಕಾಲದ 1939ರ ಮತ್ತು 1946ರ ಪರದೇಶಿಗಳ ಕಾಯಿದೆಗಳ ಕೆಳಗೇ ಅವರನ್ನು ಇಟ್ಟಿದ್ದೆವು. ಆ ಕಾಯಿದೆಗಳು ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಬಂದಿದೆ. ಅದರ ಜೊತೆಗೆ ಹೊರಟ ಆಜ್ಞೆಯೊಂದು, ನೋಂದಾಯಿಸಿಕೊಂಡ ಟಿಬೆಟ್ಟಿನವರು ಪಾಸ್‌ಪೋರ್ಟ್ ವೀಸಾಗಳಿಲ್ಲದೆ ಇಲ್ಲಿರಬಹುದು ಎಂದು ವಿನಾಯಿತಿ ಕೊಟ್ಟಿದೆ. ಸಂತೋಷ. ಆದರೆ ವಿನಾಯಿತಿ ಎಂಬುದು ಒಡೆಯನ ಕೃಪೆ. ಇಂದು ಆಜ್ಞೆ ಹೊರಡಿಸಿದ ಕೈ ನಾಳೆ ಅದನ್ನು ಹಿಂದಕ್ಕೆ ಪಡೆಯಬಹುದು. ಬೋನಸ್ಸನ್ನು ಮಾಲೀಕನ ಬಕ್ಷೀಸೆಂದು ಒಪ್ಪದೆ ಹಕ್ಕೆಂದು ಹೋರಾಡಿ ಪಡೆದ ಕಾರ್ಮಿಕರಿಗೆ ಈ ವ್ಯತ್ಯಾಸವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪೌರತ್ವದ ಮಾತು. ನಮ್ಮ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಇರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಟಿಬೆಟ್ಟಿನವರ ಮಕ್ಕಳಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟು 2010ರ ಡಿಸೆಂಬರಿನಲ್ಲಿ ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಅದನ್ನೇ ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟು ಇವರಿಗೆ ಪಾಸ್‌ಪೋರ್ಟ್ ಕೊಡಿರೆಂದು ಮತ್ತೆ ಹೇಳಬೇಕಾಯಿತು. ಮೂರು ತೀರ್ಪು ಬಂದ ಮೇಲೆ ವಿದೇಶಾಂಗ ಇಲಾಖೆ 2017ರಲ್ಲಿ ಒಪ್ಪಿತು. ಹೇಗೆ ಒಪ್ಪಿತು? ನೋಂದಣಿ ಪತ್ರವನ್ನೂ ಹಳದಿ ಪುಸ್ತಕವನ್ನೂ ಒಪ್ಪಿಸಬೇಕು, ಸರಿ. ಶಿಬಿರದಲ್ಲಿ ವಾಸ ಮಾಡಕೂಡದು, ಅಲ್ಲಿಯ ಸೌಲಭ್ಯ ಪಡೆಯಕೂಡದು ಎಂಬ ಷರತ್ತುಗಳನ್ನೂ ಹಾಕಿತು. ತಂದೆ ಕಾಡು ಕಡಿದು ಮಾಡಿದ ಹೊಲ, ತಾಯಿ ಸತ್ತ ಮನೆ, ಇವುಗಳನ್ನು ಬಿಟ್ಟರೆ ಪಾಸ್‌ಪೋರ್ಟ್! ಕಾಯಿದೆ ಕೊಟ್ಟ ಹಕ್ಕಿಗೆ ಇಲಾಖೆ ಹಾಕಿದ ಬೆಲೆ ಇದು. 1987ರ ಜುಲೈಯಿಂದ ಈಚೆಗೆ ಹುಟ್ಟಿದವರಿಗೆ ಆ ಬಾಗಿಲೂ ಮುಚ್ಚಿತು. ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕೆಂಬ ನಿಯಮ ಬಂತು. ನಮ್ಮ ಸ್ವೆಟರಿನ ಅಂಗಡಿಯ ಹೆಣ್ಣುಮಗಳು ಹುಟ್ಟಿದ್ದು ಮೂರು ವರ್ಷ ತಡವಾಗಿ.

ಟಿಬೆಟ್ಟಿನವರಲ್ಲೇ ಪೌರತ್ವ ಬೇಡವೆನ್ನುವವರಿದ್ದಾರೆ. ತಮ್ಮ ನಾಡಿಗೆ ಒಂದು ದಿನ ಮರಳುವೆವೆಂಬ ಆಸೆಯಿಂದ ಪರದೇಶಿಗಳಾಗಿಯೇ ಉಳಿದಿದ್ದಾರೆ. ಆ ಆಸೆಯನ್ನು ನಾವು ಗೌರವಿಸುತ್ತೇವೆ. ಆದರೆ ಪೌರತ್ವ ಬೇಡವೆಂದವನಿಗೆ ಅಕ್ಕನ ಮುಖ ನೋಡುವ ಹಕ್ಕೂ ಬೇಡವೆಂದು ಅರ್ಥವೇ?

ಈಗ ಇನ್ನೊಂದು ಮುಖ ನೋಡೋಣ. ವಿದೇಶಿ ಪ್ರಜೆಗೆ ಈ ದೇಶದಲ್ಲಿ ಕಾಯಂ ವಾಸದ ಅಧಿಕಾರ ಕೊಡುವ ಯೋಜನೆಯೊಂದು ನಮ್ಮಲ್ಲಿದೆ ಎಂಬುದು ಎಷ್ಟು ವಾಚಕರಿಗೆ ಗೊತ್ತು? 2016ರ ಆಗಸ್ಟ್ 31ರಂದು ಕೇಂದ್ರ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. 18 ತಿಂಗಳೊಳಗೆ 10 ಕೋಟಿ ರೂಪಾಯಿ, ಇಲ್ಲವೇ 36 ತಿಂಗಳೊಳಗೆ 25 ಕೋಟಿ ರೂಪಾಯಿ ಬಂಡವಾಳ ತೊಡಗಿಸುವ, ವರ್ಷಕ್ಕೆ ಕನಿಷ್ಠ 20 ಮಂದಿ ಭಾರತೀಯರಿಗೆ ಕೆಲಸ ಕೊಡುವ ವಿದೇಶಿಗೆ 10 ವರ್ಷಗಳ ಕಾಯಂ ವಾಸ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಪೋಲೀಸರ ಬಳಿ ನೋಂದಣಿ ಬೇಕಿಲ್ಲ. ವಾಸಕ್ಕೆ ಒಂದು ಮನೆ ಕೊಳ್ಳಬಹುದು. ಹೆಂಡತಿಯೋ ಗಂಡನೋ ಇಲ್ಲಿ ಕೆಲಸ ಮಾಡಬಹುದು. ಯಾವ ಭಾಷೆ ಬರುತ್ತದೆ, ಎಷ್ಟು ವರ್ಷದಿಂದ ಈ ನೆಲದಲ್ಲಿದ್ದೀಯೆ, ಇಲ್ಲಿ ನಿನ್ನವರಾರಾದರೂ ಸತ್ತಿದ್ದಾರೆಯೇ ಎಂದು ಆತನನ್ನು ಕೇಳುವುದಿಲ್ಲ. ಕೇಳುವುದು ಒಂದನ್ನೇ: ದುಡ್ಡೆಷ್ಟಿದೆ?

ಅದೇ ರೀತಿ ಹೊರಗೆ ಹೋಗಿ ಅಮೇರಿಕದ ಪ್ರಜೆಗಳಾದ ನಮ್ಮವರೇ ಇದ್ದಾರೆ. ಬಳ್ಳಾರಿಯ ಮೇಲ್ಬೀದಿಗಳಲ್ಲಿ ಅಂಥ ಮಗನಿಲ್ಲದ ಮನೆ ಕಡಿಮೆ. ಅವರಿಗೆ ಭಾರತದ ಸಾಗರೋತ್ತರ ನಾಗರಿಕರೆಂಬ ಕಾರ್ಡು ಸಿಗುತ್ತದೆ. ಅವರೂ ಕಾನೂನಿನ ಪ್ರಕಾರ ಪರದೇಶಿಗಳೇ. ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ಬರಲು ಹೋಗಲು ಬದುಕಿರುವವರೆಗೆ ಅಡ್ಡಿಯಿಲ್ಲ. ಇದು ತಪ್ಪೆಂದು ನಾವು ಹೇಳುತ್ತಿಲ್ಲ. ಮಗ ಅಮೇರಿಕದವನಾದ ಮಾತ್ರಕ್ಕೆ ತಾಯಿಯನ್ನು ನೋಡಲು ಅರ್ಜಿ ಹಿಡಿದು ನಿಲ್ಲಬೇಕಾಗಿಲ್ಲ ಎಂಬ ನಿಯಮ ಒಳ್ಳೆಯದೇ. ಆ ಒಳ್ಳೆಯ ನಿಯಮ ಮುಂಡಗೋಡದವಳಿಗೆ ಏಕಿಲ್ಲ?

ಪ್ರಜೆಗಳಾಗದೆ ಅಮೇರಿಕದಲ್ಲಿ ಗ್ರೀನ್ ಕಾರ್ಡಿನ ಮೇಲೆ ಇರುವವರ ಸ್ಥಿತಿಯನ್ನೂ ನೋಡಿ. ಕೈಯಲ್ಲಿ ನಮ್ಮ ಪಾಸ್‌ಪೋರ್ಟು, ಜೇಬಿನಲ್ಲಿ ಅವರ ಕಾರ್ಡು. ದೇಶ ಬಿಡಲು ಯಾರನ್ನೂ ಕೇಳಬೇಕಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರುವುದಾದರೆ ಮುಂಚಿತವಾಗಿ ಮರುಪ್ರವೇಶದ ಪತ್ರ ಪಡೆಯಬೇಕು, ಅಷ್ಟೆ. ಆದರೂ 2017ರ ಜನವರಿ 27ರಂದು ಅಲ್ಲಿಯ ಅಧ್ಯಕ್ಷರು ಏಳು ದೇಶಗಳವರನ್ನು ತಡೆಯುವ ಆಜ್ಞೆ ಹೊರಡಿಸಿದಾಗ, ಗ್ರೀನ್ ಕಾರ್ಡು ಇದ್ದವರನ್ನೂ ವಿಮಾನ ನಿಲ್ದಾಣಗಳಲ್ಲಿ ತಡೆದರು. ವಕೀಲರು ನಿಲ್ದಾಣದ ನೆಲದಲ್ಲೇ ಕುಳಿತು ಅರ್ಜಿ ಬರೆದರು, ಜನ ಬೀದಿಗಿಳಿದರು. ಕೆಲವೇ ದಿನಗಳಲ್ಲಿ, ಕಾಯಂ ವಾಸಿಗಳಿಗೆ ಈ ಆಜ್ಞೆ ಅನ್ವಯಿಸದೆಂದು ಸರಕಾರವೇ ಹೇಳಬೇಕಾಯಿತು. ಕಾಯಂ ಎಂದು ಬರೆದ ಕಾರ್ಡೂ ಒಂದು ರಾತ್ರಿಯಲ್ಲಿ ಅಲುಗಾಡಬಹುದೆಂದು ಆ ದಿನಗಳಲ್ಲಿ ಅಲ್ಲಿಯ ನಮ್ಮ ಹುಡುಗರಿಗೂ ಗೊತ್ತಾಯಿತು.

ನಿರ್ಗಮನ ಪರವಾನಗಿ ಎಂದೆವು. ಆ ಮಾತನ್ನು ನಮ್ಮ ದುಡಿಯುವ ಜನ ಬೇರೆ ಕಡೆ ಕೇಳಿದ್ದಾರೆ. ಕೊಲ್ಲಿ ದೇಶಗಳಿಗೆ ಕೂಲಿಗೆ ಹೋದವರನ್ನು ಕೇಳಿ. ಕತಾರಿನಲ್ಲಿ ಮಾಲೀಕ ಒಪ್ಪದೆ ಕೆಲಸಗಾರ ದೇಶ ಬಿಡುವಂತಿರಲಿಲ್ಲ. ತಾಯಿ ಸತ್ತಳೆಂದು ಅತ್ತರೂ ಸಹಿ ಬೇಕಿತ್ತು. ಜಗತ್ತಿನ ಕಾರ್ಮಿಕ ಸಂಘಗಳು ಇದು ಗುಲಾಮಗಿರಿ ಎಂದವು, ನಾವೂ ಎಂದೆವು. 2018ರಲ್ಲಿ ಕತಾರ್ ಸರಕಾರ ಬಹುಪಾಲು ಕೆಲಸಗಾರರಿಗೆ ಆ ಪದ್ಧತಿಯನ್ನು ತೆಗೆದುಹಾಕಿತು, 2020ರಲ್ಲಿ ಮನೆಗೆಲಸದವರಿಗೂ ವಿಸ್ತರಿಸಿತು. ಸೌದಿ ಅರೇಬಿಯ 2021ರಲ್ಲಿ ಸಡಿಲಿಸಿತು, ಮನೆಗೆಲಸದವರನ್ನು ಮಾತ್ರ ಹೊರಗಿಟ್ಟಿತು. ಕೊಲ್ಲಿಯ ಸುಲ್ತಾನರೇ ಸಡಿಲಿಸಿದ ಸರಪಳಿಯನ್ನು ಗಣರಾಜ್ಯವಾದ ನಾವು, ನಮ್ಮಲ್ಲೇ ಹುಟ್ಟಿದವಳ ಕಾಲಿಗೆ ಬಿಗಿದೇ ಇಟ್ಟಿದ್ದೇವೆ. ಅಲ್ಲಿ ಮಾಲೀಕ ಸಹಿ ಹಾಕಬೇಕಿತ್ತು, ಇಲ್ಲಿ ಸರಕಾರ; ಅಷ್ಟೇ ಭೇದ.

ಸಿರುಗುಪ್ಪದ ಅಕ್ಕಿ ಗಿರಣಿಯ ಕಾರ್ಮಿಕರ ಮುಂದೆ ನಾವು ಈ ಮಾತೆತ್ತಿದಾಗ ಹಿರಿಯರೊಬ್ಬರು ತಮ್ಮ ತಂದೆಯಿಂದ ಕೇಳಿದ್ದನ್ನು ಹೇಳಿದರು. 1948ರವರೆಗೆ ತುಂಗಭದ್ರೆಯ ಆಚೆ ದಂಡೆ ನಿಜಾಮನದು, ಈಚೆ ದಂಡೆ ಮದರಾಸಿನದು. ಹರಗೋಲು ಹತ್ತಿ ಆಚೆಗಿಳಿದರೆ ನಾಣ್ಯ ಬೇರೆ, ಹಾಲಿ ಸಿಕ್ಕಾ. ಸರಕಿಗೆ ಸುಂಕ ಬೇರೆ. ಮಗಳನ್ನು ಆಚೆ ದಂಡೆಗೆ ಕೊಟ್ಟಿದ್ದರು, ಸೊಸೆಯನ್ನು ಆಚೆಯಿಂದ ತಂದಿದ್ದರು. "ಸುಂಕದವ ಚೀಲ ಬಿಚ್ಚಿ ನೋಡ್ತಿದ್ದ, ಆದ್ರ ಹೆರಿಗಿಗೆ ಹೊಂಟ ಮಗಳನ್ನ ಯಾರೂ ನಿಲ್ಸಲಿಲ್ಲ" ಎಂದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅಲ್ಲಿಯ ಕನ್ನಡಿಗರು ಗೆರೆಯ ಆಚೆಗೆ ಬಿದ್ದರು. ಆದರೆ ಆದವಾನಿಯ ಬೀಗರ ಮನೆಗೆ ಹೋಗಲು ಇಂದೂ ಬಸ್ಸಿನ ಟಿಕೇಟು ಸಾಕು. ಗೆರೆ ಎಳೆಯುವವರು ಎಲ್ಲೋ ಕುಳಿತಿರುತ್ತಾರೆ. ಅದರ ಮೇಲೆ ಬದುಕಬೇಕಾದವರು ನಮ್ಮಂಥವರು. ಅದೇ ನದಿಯ ಆಚೆ ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ದಶಕಗಳಿಂದ ಇದ್ದಾರೆ. ಪೌರತ್ವದ ಕಾಗದಕ್ಕಾಗಿ ಅವರಲ್ಲಿಯೂ ಎಷ್ಟೋ ಮಂದಿ ಕಾದು ಮುದುಕರಾದರು. ಇದು ದೂರದ ಮೈಸೂರಿನ, ಕಾರವಾರ ಸೀಮೆಯ ಪ್ರಶ್ನೆ ಎಂದು ಯಾರೂ ತಿಳಿಯಬಾರದು.

ಕುರುಗೋಡಿನಲ್ಲಿ ಬೇರೆ ಮಾತು ಕೇಳಿಬಂತು. ಬಟ್ಟೆ ಅಂಗಡಿಯ ಮಿತ್ರರೊಬ್ಬರು ನೇರವಾಗಿಯೇ ಹೇಳಿದರು: "ಸ್ವಾಮೀ, ನಾವು ಬಾಡಿಗೆ ಕಟ್ಟಿ, ತೆರಿಗೆ ಕಟ್ಟಿ ವರ್ಷವೆಲ್ಲ ನೊಣ ಹೊಡೀತೀವಿ. ಅವರು ಎರಡು ತಿಂಗಳು ಬಂದು ಬಾಚಿಕೊಂಡು ಹೋಗ್ತಾರೆ. ಅವರ ಪರ ನೀವು ಬರೀತೀರಾ?" ಇದು ಹೊಟ್ಟೆಯ ಮಾತು, ತಳ್ಳಿಹಾಕುವಂಥದ್ದಲ್ಲ. ರಸ್ತೆ ಬದಿಗೆ ಜಾಗ, ಅದರ ಬಾಡಿಗೆ, ತೆರಿಗೆ, ಇವೆಲ್ಲ ಎಲ್ಲರಿಗೂ ಒಂದೇ ಸಮನಾಗಿರಬೇಕೆಂದು ಪುರಸಭೆಯನ್ನು ಕೇಳೋಣ, ಜೊತೆಗೆ ನಿಂತು ಕೇಳೋಣ. ಆದರೆ ಆ ಹೆಣ್ಣುಮಗಳು ಬಾಚುವುದೇನು? ಲೂಧಿಯಾನದ ಸಗಟು ವ್ಯಾಪಾರಿಯಿಂದ ಸಾಲದ ಮೇಲೆ ಮಾಲು ತರುತ್ತಾಳೆ. ಮಾರಿದ್ದರಲ್ಲಿ ಮೊದಲು ಅವನ ಸಾಲ ತೀರಬೇಕು. ಕುರುಗೋಡಿನ ಚಿಲ್ಲರೆ ವ್ಯಾಪಾರಿಯ ಬಾಳೂ ಬಹುಮಟ್ಟಿಗೆ ಇದೇ ಅಲ್ಲವೇ? ಇಬ್ಬರ ವ್ಯಾಪಾರವನ್ನೂ ನುಂಗುತ್ತಿರುವುದು ಹತ್ತು ಮಹಡಿಯ ಮಳಿಗೆಯವನು, ಫೋನಿನಲ್ಲೇ ಅಂಗಡಿ ಇಟ್ಟವನು. ಅವನಿಗೆ ಯಾವ ದೇಶಕ್ಕೂ ಪರವಾನಗಿ ಬೇಕಿಲ್ಲ. ಬಂಡವಾಳಕ್ಕೆ ಗಡಿಯಿಲ್ಲ, ಬೆವರಿಗೆ ಮಾತ್ರ ಗಡಿ. ಮೇಲಾಗಿ, ಆಕೆಯ ಪ್ರಯಾಣದ ಕಾಗದ ಬಿಗಿ ಮಾಡಿದರೆ ಕುರುಗೋಡಿನಲ್ಲಿ ಒಂದು ಗಜ ಬಟ್ಟೆಯೂ ಹೆಚ್ಚು ಮಾರಾಟವಾಗುವುದಿಲ್ಲ.

ದೇಶದ ಭದ್ರತೆಯ ಮಾತನ್ನೂ ಕೆಲವರು ಎತ್ತುತ್ತಾರೆ. ಚೀನದ ಜೊತೆಗಿನ ವ್ಯವಹಾರ ಸೂಕ್ಷ್ಮವಾದುದು, ಯಾರು ಹೋದರು ಯಾರು ಬಂದರು ಎಂಬ ಲೆಕ್ಕ ಸರಕಾರಕ್ಕೆ ಬೇಕು ಎನ್ನುತ್ತಾರೆ. ಬೇಕು, ಇರಲಿ. ಆದರೆ ಹಳದಿ ಪುಸ್ತಕ ಕೊಡುವ ಮುಂಚೆಯೇ ಪೋಲೀಸರು ವಿಚಾರಿಸಿದ್ದಾರೆ. ವಿಮಾನ ನಿಲ್ದಾಣದಲ್ಲಿ ಹೋಗುವಾಗ ಒಂದು ಮೊಹರು, ಬರುವಾಗ ಒಂದು ಮೊಹರು ಬೀಳುತ್ತದೆ. ಲೆಕ್ಕ ಅಲ್ಲಿಗೇ ಆಯಿತು. ನಿರ್ಗಮನ ಪರವಾನಗಿ, ಮರಳುವ ವೀಸಾಗಳಿಂದ ಹೆಚ್ಚುವುದು ಅಲೆದಾಟವೇ ಹೊರತು ಭದ್ರತೆಯಲ್ಲ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಹೇಳುವ 21ನೆಯ ವಿಧಿ 'ಪ್ರಜೆ' ಎನ್ನುವುದಿಲ್ಲ, 'ವ್ಯಕ್ತಿ' ಎನ್ನುತ್ತದೆ. ಹೊರದೇಶಕ್ಕೆ ಹೋಗುವುದು ಆ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು, 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಇನ್ನೂ ಬಲವಾಗಿ ಹೇಳಿತು. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಮೊಕದ್ದಮೆಯಲ್ಲಿ, ಈ ವಿಧಿಯ ರಕ್ಷಣೆ ಪ್ರಜೆಗಳಲ್ಲದವರಿಗೂ ಉಂಟೆಂದಿತು. 1967ರ ಪಾಸ್‌ಪೋರ್ಟ್ ಕಾಯಿದೆಯಲ್ಲಿಯೇ, ಪ್ರಜೆಗಳಲ್ಲದವರಿಗೆ ಕೇಂದ್ರ ಸರಕಾರ ಪಾಸ್‌ಪೋರ್ಟನ್ನಾಗಲಿ ಪ್ರಯಾಣ ಪತ್ರವನ್ನಾಗಲಿ ಕೊಡಲು ಅವಕಾಶವಿದೆ. ಸಂಸತ್ತು ಹೊಸ ಕಾಯಿದೆ ಮಾಡುವವರೆಗೂ ಕಾಯಬೇಕಾಗಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಹಳದಿ ಪುಸ್ತಕವೊಂದೇ ಹೋಗಲೂ ಬರಲೂ ಸಾಕಾಗಬೇಕು. ನೋಂದಾಯಿಸಿಕೊಂಡು ಇಲ್ಲಿ ನೆಲೆಸಿದವರಿಗೆ ನಿರ್ಗಮನ ಪರವಾನಗಿಯೂ ಬೇಡ, ಮರಳುವ ವೀಸಾವೂ ಬೇಡ. ಸಾವು, ಕಾಯಿಲೆಗಳ ಅರ್ಜಿಗೆ ಇಷ್ಟು ದಿನಗಳೊಳಗೆ ಉತ್ತರವೆಂದು ಗಡುವು ಬರೆದಿರಬೇಕು. 1987ಕ್ಕೆ ಮುಂಚೆ ಹುಟ್ಟಿದವರಿಗೆ ಮನೆ ಬಿಡುವ ಷರತ್ತಿಲ್ಲದೆ ಪಾಸ್‌ಪೋರ್ಟ್ ಸಿಗಬೇಕು. 10 ಕೋಟಿ ಇದ್ದವನಿಗೆ ಕೊಟ್ಟ ಕಾಯಂ ವಾಸವನ್ನು, ಇಪ್ಪತ್ತು ಮೂವತ್ತು ವರ್ಷ ಈ ನೆಲದಲ್ಲಿ ದುಡಿದವನಿಗೂ ಕೊಡಬೇಕು.

ಈ ಒತ್ತಾಯದ ಮನವಿಯನ್ನು ಬರೆದು ನಮ್ಮ ಕಚೇರಿಯಲ್ಲಿ ಇಟ್ಟಿದ್ದೇವೆ. ಸಿರುಗುಪ್ಪ, ಕುರುಗೋಡಿನ ಮಿತ್ರರು ಪ್ರತಿ ಒಯ್ದು ಸಹಿ ಮಾಡಿಸಿ ತರಬೇಕು. ಲೋಕಸಭಾ ಸದಸ್ಯರ ಕೈಗೇ ಕೊಡೋಣ. ನಮ್ಮ ಹಮಾಲಿ ಮಿತ್ರರು ಮೊದಲೇ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ. ಜೊತೆಗೆ ಮೊಮ್ಮಗನೂ ಬಂದಿದ್ದ, ಬಿಸಿಲಿನಲ್ಲೂ ಕುಲಾವಿ ಹಾಕಿಕೊಂಡು.